ಕಚ್ಚುವ ಗೋಲ್ಡ್‌ಫಿಶ್‌ನ್ನೇ ಹೊರಗಿಡಿ, ಕಚ್ಚಿಸಿಕೊಂಡದ್ದನ್ನಲ್ಲ

ಟ್ಯಾಂಕಿನಲ್ಲಿ ಒಂದು ಗೋಲ್ಡ್‌ಫಿಶ್ ಉಳಿದವನ್ನು ಅಟ್ಟಾಡಿಸಿ ಬಾಲ ಕಚ್ಚುತ್ತಿದ್ದರೆ, ಆ ಪುಂಡನನ್ನೇ ಎತ್ತಿ ಮೂರ್ನಾಲ್ಕು ದಿನ ಬೇರೆ ಟಬ್ಬಿನಲ್ಲಿಡಿ. ಅಷ್ಟರಲ್ಲಿ ಟ್ಯಾಂಕಿನ ಕಲ್ಲು, ಗಿಡಗಳ ಜಾಗ ಬದಲಿಸಿ, ರಾತ್ರಿ ಲೈಟ್ ಆರಿಸಿದ ಮೇಲೆ ವಾಪಸ್ ಬಿಡಿ. ವಾಪಸ್ ಬಂದ ಮೀನಿಗೆ ತನ್ನ ಹಳೇ ಮೂಲೆ ಸಿಗುವುದಿಲ್ಲ, ಉಳಿದವು ಆಗಲೇ ಧೈರ್ಯವಾಗಿ ಓಡಾಡುತ್ತಿರುತ್ತವೆ. ಹಾಗಾಗಿ ದಬ್ಬಾಳಿಕೆ ಇಳಿಯುತ್ತದೆ. ಟಬ್ 20 ಲೀಟರಾದರೂ ಇರಲಿ, ಏರ್ ಪಂಪ್ ಬೇಕೇ ಬೇಕು. ಫಿಲ್ಟರ್ ಇಲ್ಲದಿದ್ದರೆ ಮೀನಿನ ಮಲಿನದಿಂದ ಹುಟ್ಟುವ ವಿಷ, ಅಮೋನಿಯಾ, ಏರುತ್ತದೆ, ದಿನಾ ಮೂರರಲ್ಲೊಂದು ಪಾಲು ನೀರು ಬದಲಿಸಿ. ಟಬ್ಬಿಗೆ ಟ್ಯಾಂಕಿನ ನೀರನ್ನೇ ತುಂಬಿ. ನಮ್ಮ ಕೋಲಾರದ ಗಡಸು ಬೋರ್‌ವೆಲ್ ನೀರಿಗೆ ಒಗ್ಗಿದ ಮೀನನ್ನು ಇದ್ದಕ್ಕಿದ್ದಂತೆ ಆರ್‌ಒ ನೀರಿಗೆ ಹಾಕಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಇದು ಕೆಲಸ ಮಾಡದ ಸಂದರ್ಭಗಳೂ ಇವೆ. ಅಟ್ಟುವ ಮೀನಿನ ಕಿವಿರಿನ ಮುಚ್ಚಳ ಮತ್ತು ಎದೆಯ ರೆಕ್ಕೆಯ ಅಂಚಿನಲ್ಲಿ ಮಾತ್ರ ರವೆಯಂಥ ಬಿಳಿ ಚುಕ್ಕೆ ಎದ್ದಿದ್ದು, ಅದು ಇನ್ನೊಂದರ ಹಿಂಭಾಗಕ್ಕೆ ಮೂತಿ ತಿವಿಯುತ್ತಿದ್ದರೆ ಅದು ಜಗಳವಲ್ಲ, ಗಂಡಿಗೆ ಬೆದೆ ಬಂದಿದೆ. ಆಗ ನಡುವೆ ಜಾಲರಿ ಅಡ್ಡ ಇಟ್ಟು ಹೆಣ್ಣಿಗೆ ಬಿಡುವು ಕೊಡಿ. ಚುರುಕಾಗಿ ಈಜುವ ಕಾಮೆಟ್ ತಳಿಯ ಗೋಲ್ಡ್‌ಫಿಶ್ ಜೊತೆ ಗುಂಡು ಮೈಯ ಒರಾಂಡಾ ತಳಿಯನ್ನು ಸಾಕಿದ್ದರಂತೂ ಕಾಯಂ ಬೇರೆ ಮಾಡುವುದೇ ಸರಿ, ನಿಧಾನಕ್ಕೆ ಈಜುವ ಒರಾಂಡಾಗೆ ಊಟವೇ ದಕ್ಕುವುದಿಲ್ಲ.