ಗ್ರಾಫ್ ಬಿಡಿಸುತ್ತಾ ಆಲ್ಜೀಬ್ರಾ ಮಾಡುವುದು

ನನ್ನ ಸಂಶೋಧನೆ ಕಮ್ಯುಟೇಟಿವ್ ಆಲ್ಜೀಬ್ರಾದಲ್ಲಿ, ಅಂದರೆ ಗುಣಾಕಾರದ ಕ್ರಮ ಬದಲಿಸಿದರೂ ಉತ್ತರ ಬದಲಾಗದ ಬೀಜಗಣಿತದಲ್ಲಿ. ಆದರೆ ನೋಟ್‌ಬುಕ್ ತೆರೆದರೆ ಸಮೀಕರಣಗಳಿಗಿಂತ ಚಿತ್ರಗಳೇ ಜಾಸ್ತಿ. ಬಿಂದುಗಳು, ಗೆರೆಗಳು, ತ್ರಿಭುಜಗಳು. ಬಿಂದುಗಳನ್ನು ಗೆರೆಗಳಿಂದ ಸೇರಿಸಿದ ಚಿತ್ರವನ್ನೇ ಇಲ್ಲಿ ಗ್ರಾಫ್ ಅನ್ನುತ್ತೇನೆ.

ಪಿಎಚ್‌ಡಿ ಶುರು ಮಾಡಿದಾಗ ಚಿತ್ರಗಳಿರಲಿಲ್ಲ. ಆಗ ಓದುತ್ತಿದ್ದದ್ದು ಐಡಿಯಲ್ ಮತ್ತು ರೆಸಲ್ಯೂಶನ್. ಐಡಿಯಲ್ ಅಂದರೆ ಬಹುಪದಗಳ ಒಂದು ಗುಂಪು: ಒಳಗಿನ ಎರಡನ್ನು ಕೂಡಿದರೂ, ಒಳಗಿನದನ್ನು ಯಾವ ಬಹುಪದದಿಂದ ಗುಣಿಸಿದರೂ ಉತ್ತರ ಗುಂಪಿನೊಳಗೇ ಇರುತ್ತದೆ. ಐಡಿಯಲ್‌ಗೆ ಅದನ್ನು ಹುಟ್ಟಿಸುವ ಜನಕಗಳಿರುತ್ತವೆ, ಜನಕಗಳ ನಡುವೆ ಸಂಬಂಧಗಳಿರುತ್ತವೆ, ಆ ಸಂಬಂಧಗಳ ನಡುವೆ ಮತ್ತೆ ಸಂಬಂಧಗಳು. ಈ ಸರಣಿಯೇ ರೆಸಲ್ಯೂಶನ್. ಚರಾಕ್ಷರಗಳು ಎಷ್ಟಿವೆಯೋ ಅಷ್ಟು ಹೆಜ್ಜೆಯೊಳಗೆ ಈ ಸರಣಿ ಮುಗಿಯುತ್ತದೆ ಎಂದು ಹಿಲ್ಬರ್ಟ್ 1890ರಲ್ಲೇ ತೋರಿಸಿದ್ದರು. ಅದರ ಸಾಧನೆ (ಪ್ರೂಫ್) ಅರ್ಥವಾಗಿತ್ತು. ಆದರೆ ಒಂದು ಐಡಿಯಲ್‌ನ ಸರಣಿ ಉದ್ದವಾಗಿ, ಇನ್ನೊಂದರದು ಗಿಡ್ಡವಾಗಿ ಏಕಿರುತ್ತದೆ? ಅದು ನನಗೆ ಕಾಣುತ್ತಿರಲಿಲ್ಲ.

ದಾರಿ ತೋರಿಸಿದ್ದು ಗಣಿತಜ್ಞ ರಿಚರ್ಡ್ ಸ್ಟ್ಯಾನ್ಲಿ ಅವರ 1975ರ ಕೆಲಸ. ಗೋಳವನ್ನು ಇಂತಿಷ್ಟು ಬಿಂದುಗಳಿಟ್ಟು ತ್ರಿಭುಜಗಳಂಥ ತುಂಡುಗಳಾಗಿ ಮಾಡಿದರೆ, ಪ್ರತಿ ಆಯಾಮದಲ್ಲೂ ಹೆಚ್ಚೆಂದರೆ ಎಷ್ಟು ಮುಖಗಳು ಬರಬಹುದು? ಇದು ಬರೀ ಎಣಿಕೆಯ ಪ್ರಶ್ನೆ. ಅವರು ಆ ತುಂಡುಗಳಿಂದ ಒಂದು ರಿಂಗ್ (ಕೂಡಿಸಿ ಗುಣಿಸಬಹುದಾದ ವ್ಯವಸ್ಥೆ) ಕಟ್ಟಿ, ಅದಕ್ಕೆ ಕೋಹೆನ್-ಮೆಕಾಲೆ ಎಂಬ ಅಚ್ಚುಕಟ್ಟಾದ ಗುಣವಿದೆ ಎಂಬುದನ್ನು ಬಳಸಿ ಉತ್ತರ ಕೊಟ್ಟರು. ಆಲ್ಜೀಬ್ರಾ ಹೀಗೂ ಕೆಲಸಕ್ಕೆ ಬರುತ್ತದೆ ಅಂತ ತಿಳಿದ ಮೇಲೆ ನಾನು ಈ ಕಡೆಗೇ ವಾಲಿದೆ.

ಕಾಗದದ ಮೇಲೆ ನಾನು ಮಾಡುವ ಕೆಲಸದ ಒಂದು ಮಾದರಿ ಹೇಳುತ್ತೇನೆ. ಕ, ಖ, ಗ, ಘ ಎಂಬ ನಾಲ್ಕು ಬಿಂದುಗಳ ಚೌಕ ಬರೆಯಿರಿ. ಪ್ರತಿ ಬಿಂದುವೂ ಒಂದು ಚರಾಕ್ಷರ, ಪ್ರತಿ ಗೆರೆಯೂ ಒಂದು ಗುಣಲಬ್ಧ: ಕಖ, ಖಗ, ಗಘ, ಘಕ. ಇವು ಹುಟ್ಟಿಸುವುದೇ ಎಡ್ಜ್ ಐಡಿಯಲ್. ಸರಣಿಯ ಪ್ರತಿ ಹೆಜ್ಜೆಯಲ್ಲಿ ಎಷ್ಟು ಜನಕ ಅಥವಾ ಸಂಬಂಧಗಳು ಬೇಕು ಎಂದು ಹೇಳುವುದು ಬೆಟ್ಟಿ ಸಂಖ್ಯೆಗಳು; ಮೊದಲ 1 ರಿಂಗ್‌ನದು. ಇದರ ಬೆಟ್ಟಿ ಸಂಖ್ಯೆಗಳು 1, 4, 4, 1. ಐದು ಬಿಂದುಗಳ ಪಂಚಭುಜಕ್ಕೆ 1, 5, 5, 1. ಒಂದೇ ಥರ ಇವೆ, ಅಲ್ವಾ?

ಡಿಗ್ರಿ, ಅಂದರೆ ಪ್ರತಿ ಹೆಜ್ಜೆಯಲ್ಲಿ ಎಷ್ಟು ಚರಾಕ್ಷರಗಳು ಗುಣಿಸಿಕೊಂಡಿವೆ ಎಂಬುದು, ನೋಡಿದರೆ ಹಾಗಲ್ಲ. ಚೌಕದಲ್ಲಿ ಡಿಗ್ರಿ 2, 3, 4 ಎಂದು ಒಂದೊಂದೇ ಮೆಟ್ಟಿಲು ಏರುತ್ತದೆ. ಪಂಚಭುಜದಲ್ಲಿ 2, 3 ಆದ ಮೇಲೆ ನೇರವಾಗಿ 5. ಆ ನೆಗೆತಕ್ಕೆ ಕಾರಣ, ಬೆಟ್ಟಿ ಸಂಖ್ಯೆಗಳನ್ನು ಚಿತ್ರದ ತುಂಡು-ತೂತುಗಳಿಂದ ಓದಿ ಹೇಳುವ ಹಾಕ್‌ಸ್ಟರ್ ಸೂತ್ರದಲ್ಲಿದೆ. ಒಂದಕ್ಕೊಂದು ಗೆರೆಯಿಂದ ಸೇರದ ಬಿಂದುಗಳನ್ನು ಮಾತ್ರ ಒಟ್ಟುಗೂಡಿಸಿ ಹೊಸ ಚಿತ್ರ ಮಾಡಿ. ಚೌಕದಿಂದ ಬಿಡಿಬಿಡಿಯಾದ ಎರಡು ಗೆರೆಗಳು ಬರುತ್ತವೆ. ಪಂಚಭುಜದಿಂದ ಮತ್ತೊಂದು ಪಂಚಭುಜವೇ ಬರುತ್ತದೆ, ಮಧ್ಯದಲ್ಲಿ ತೂತಿನ ಸಮೇತ. ಡಿಗ್ರಿ 5ರಲ್ಲಿ ಕಾಣುವ ಸಂಬಂಧ ಆ ತೂತೇ! ಎಷ್ಟು ಸಲ ಹೇಳಿಕೊಟ್ಟರೂ ಇಲ್ಲಿಗೆ ಬಂದಾಗ ನನಗೆ ಖುಷಿಯಾಗುತ್ತದೆ.

ಯಾವ ಗ್ರಾಫ್‌ಗಳಲ್ಲಿ ಇಂಥ ನೆಗೆತವೇ ಇರುವುದಿಲ್ಲ ಎಂಬುದಕ್ಕೆ ಫ್ರೋಬರ್ಗ್ 1990ರಲ್ಲಿ ಪೂರ್ತಿ ಉತ್ತರ ಕೊಟ್ಟರು. ಪೂರಕ (ಮೂಲದಲ್ಲಿ ಗೆರೆ ಇಲ್ಲದ ಕಡೆ ಮಾತ್ರ ಗೆರೆ ಇರುವ) ಗ್ರಾಫ್‌ನಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಿಂದುಗಳ ಪ್ರತಿ ಸುತ್ತಿಗೂ ಅಡ್ಡಗೆರೆ ಇರಬೇಕು, ಅಷ್ಟೇ. ಎರಡು ಬಿಂದುಗಳ ಬದಲು ಮೂರು ಮೂರನ್ನು ಗುಣಿಸುವ ಐಡಿಯಲ್‌ಗಳಿಗೆ ಹೋದರೆ ಇಷ್ಟು ಸರಳ ಉತ್ತರ ಸಿಗುವುದಿಲ್ಲ. ನನ್ನ ಹೆಚ್ಚಿನ ಪೇಪರ್‌ಗಳು ಆ ಕಡೆಯವು.

ಉತ್ತರ ಏಕೆ ಸರಳವಲ್ಲ? ಆರು ಬಿಂದು, ಹತ್ತು ತ್ರಿಭುಜಗಳಿಂದ ಕಟ್ಟಿದ ಪ್ರೊಜೆಕ್ಟಿವ್ ಪ್ಲೇನ್ (ಗೋಳದ ಎದುರುಬದುರು ಬಿಂದುಗಳನ್ನು ಒಂದೇ ಎಂದು ಅಂಟಿಸಿದಾಗ ಸಿಗುವ ಮೇಲ್ಮೈ) ನೋಡಿ. ಅದರಲ್ಲಿ ತ್ರಿಭುಜವಾಗದ ಮೂರು ಮೂರು ಬಿಂದುಗಳ ಗುಣಲಬ್ಧಗಳೇ ಐಡಿಯಲ್‌ನ ಜನಕಗಳು. ಭಾಗಲಬ್ಧ ಸಂಖ್ಯೆಗಳ ಮೇಲೆ ಲೆಕ್ಕ ಹಾಕಿದರೆ ಬೆಟ್ಟಿ ಸಂಖ್ಯೆಗಳು 1, 10, 15, 6. ಕ್ಯಾರೆಕ್ಟರಿಸ್ಟಿಕ್ 2ರಲ್ಲಿ, ಅಂದರೆ 1+1=0 ಆಗುವ ಲೆಕ್ಕದಲ್ಲಿ, 1, 10, 15, 7, 1. ಚಿತ್ರ ಅದೇ, ಐಡಿಯಲ್ ಅದೇ, ಸರಣಿಯ ಉದ್ದವೇ ಬೇರೆ. ಅಂದ ಮೇಲೆ ಗ್ರಾಫ್ ಥಿಯರಿಯ ಮಾತುಗಳಲ್ಲಷ್ಟೇ ಹೇಳಿದ ನಿಯಮ ಎಲ್ಲ ಕ್ಷೇತ್ರಗಳಿಗೂ (ಲೆಕ್ಕಕ್ಕೆ ಆರಿಸಿಕೊಳ್ಳುವ ಇಂಥ ಸಂಖ್ಯಾ ವ್ಯವಸ್ಥೆಗಳಿಗೆಲ್ಲ) ಒಟ್ಟಿಗೆ ಸರಿಹೊಂದುವುದು ಕಷ್ಟ. ಹಾಗಾಗಿ ಮೆಕಾಲೆ2 ಸಾಫ್ಟ್‌ವೇರ್‌ನಲ್ಲಿ ಮೊದಲು ದೊಡ್ಡ ಅವಿಭಾಜ್ಯ ಸಂಖ್ಯೆಯೊಂದರ ಮೇಲೆ ಲೆಕ್ಕ ಹಾಕಿಸುತ್ತೇನೆ, ಆಮೇಲೆ ತಪ್ಪದೆ 2 ಮತ್ತು 3ರ ಮೇಲೆ. ಇವುಗಳಲ್ಲಿ ಬೇರೆ ಬೇರೆ ಉತ್ತರ ಬಂದರೆ ಅಲ್ಲೇ ನಿಂತು, ಟಾರ್ಶನ್ (ಕೆಲವು ಸಲ ಕೂಡಿದರೆ ಸೊನ್ನೆಯಾಗಿಬಿಡುವ ತೂತು) ಎಲ್ಲಿಂದ ಬಂತು ಎಂದು ಚಿತ್ರದಲ್ಲಿ ಹುಡುಕುತ್ತೇನೆ.

ಆದರೆ ಹೊಸ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಮೊದಲು ಕೊಡುವುದಿಲ್ಲ. ಪಂಚಭುಜದ ಸರಣಿಯನ್ನು ಕೈಯಲ್ಲೇ ಬರೆಯಲು ಹೇಳುತ್ತೇನೆ. ಕೊನೆಯ ಆ ಒಂದು ಸಂಬಂಧ ಹುಡುಕಲು ಅವರಿಗೆ ಒಂದು ಮಧ್ಯಾಹ್ನ ಬೇಕಾಗಬಹುದು. ಸಿಕ್ಕ ಮೇಲೆ ಷಡ್ಭುಜವನ್ನು ಅವರೇ ಎತ್ತಿಕೊಳ್ಳುತ್ತಾರೆ.