ಓದಿದ ಮೇಲೆ ಪುಸ್ತಕವನ್ನೇ ನೋಡಿದೆವು

ಗದಗ-ಬೆಟಗೇರಿಯ ಸರ್ಕಾರಿ ಶಾಲೆಯೊಂದರಲ್ಲಿ ನಾನು ನಾಲ್ಕು ಮತ್ತು ಐದನೇ ತರಗತಿಗೆ ಪಾಠ ಮಾಡುತ್ತೇನೆ. ಕಥೆಪುಸ್ತಕ ಇಟ್ಟುಕೊಂಡು ವಿಜ್ಞಾನ, ಗಣಿತ, ಚಿತ್ರಕಲೆ ಹೇಗೆ ಕಲಿಸುತ್ತೀರಿ ಅಂತ ಬೇರೆ ಶಾಲೆಯ ಶಿಕ್ಷಕರು ಆಗಾಗ ಕೇಳುತ್ತಾರೆ. ನಾನು ಅವರಿಗೆ ಮೊದಲು ಹೇಳುವ ಮಾತು: ಕಥೆ ಓದುವಾಗ ಪಾಠ ಮಾಡಬೇಡಿ. ನಡುವೆ ನಿಲ್ಲಿಸಿ ‘ಈ ಮರದ ಮೇಲೆ ಎಷ್ಟು ಹಕ್ಕಿ ಇವೆ, ಎಣಿಸಿ’ ಅಂದರೆ ಸಾಕು, ಮಕ್ಕಳ ಮುಖ ಬಾಡುತ್ತದೆ. ಕೊನೆಗೆ ‘ಇದರ ನೀತಿ ಏನು’ ಅಂತಲೂ ನಾನು ಕೇಳುವುದಿಲ್ಲ. ಓದಿ ಮುಗಿಸಿ ಪುಸ್ತಕವನ್ನು ಅವರ ಕೈಗೆ ಕೊಟ್ಟುಬಿಡುತ್ತೇನೆ. ಯಾವ ಪುಟಕ್ಕೆ ಮತ್ತೆ ಮತ್ತೆ ಹೋಗುತ್ತಾರೆ, ಯಾವ ಚಿತ್ರದ ಮೇಲೆ ಬೆರಳಿಟ್ಟು ವಾದ ಮಾಡುತ್ತಾರೆ ಅಂತ ನೋಡುತ್ತ ಕೂರುತ್ತೇನೆ. ಪಾಠ ಶುರುವಾಗುವುದು ಅಲ್ಲಿಂದ.

ಇದಕ್ಕೆ ಪುಸ್ತಕ ಮಕ್ಕಳ ಕೈಗೆ ಸಿಗಬೇಕು. ಹರಿಯುತ್ತವೆ ಅಂತ ಬೀರುವಿನಲ್ಲಿಟ್ಟು ಕೀಲಿ ಹಾಕುವ ಪದ್ಧತಿ ಬಹಳ ಕಡೆ ಇದೆ, ನನಗೆ ಅದನ್ನು ನೋಡಿದರೆ ಸಂಕಟವಾಗುತ್ತದೆ. ನಮ್ಮ ತರಗತಿಯಲ್ಲಿ ಗೋಡೆಯುದ್ದಕ್ಕೂ ಹಗ್ಗ ಕಟ್ಟಿ ಪುಸ್ತಕ ನೇತುಹಾಕಿದ್ದೇವೆ. ಹರಿದದ್ದನ್ನು ಮಕ್ಕಳೇ ಅಂಟಿಸುತ್ತಾರೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಿಂದ ಕನ್ನಡದ ಚಿತ್ರಪುಸ್ತಕಗಳನ್ನು ಇಳಿಸಿಕೊಳ್ಳುತ್ತೇನೆ. ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ. ನ್ಯಾಷನಲ್ ಬುಕ್ ಟ್ರಸ್ಟ್‌ನ ಪುಸ್ತಕಗಳು, ‘ಬಾಲವಿಜ್ಞಾನ’ ಪತ್ರಿಕೆಯ ಹಳೆಯ ಸಂಚಿಕೆಗಳು ಕೂಡ ಹಗ್ಗದ ಮೇಲಿವೆ.

ಒಂದು ಪುಸ್ತಕದಲ್ಲಿ ಟೊಪ್ಪಿಗೆ ಹಾಕಿಕೊಂಡ ಇರುವೆಯ ಚಿತ್ರವಿತ್ತು. ಮೈಯ ಮೂರು ಭಾಗ ಚೆನ್ನಾಗಿಯೇ ಬರೆದಿದ್ದರು, ಆದರೆ ಎರಡು ಕಾಲು ಮುಂದಿನ ಭಾಗಕ್ಕೆ, ಎರಡು ನಡುವಿಗೆ, ಎರಡು ಹೊಟ್ಟೆಗೆ. ಹುಡುಗಿಯೊಬ್ಬಳು ‘ಟೀಚರ್ರಿ, ಇರಬಿ ಹಿಂಗ ಇರಂಗಿಲ್ರಿ’ ಅಂದಳು. ಹಾಗಾದರೆ ಹೇಗಿರುತ್ತದೆ ಅಂದರೆ ಯಾರಿಗೂ ಹೇಳಲಾಗಲಿಲ್ಲ. ಕಿಟಕಿಯ ಕೆಳಗೆ ಬೆಲ್ಲದ ಚೂರು ಇಟ್ಟೆವು. ಕಟ್ಟಿರುವೆಗಳು ಬಂದವು. ಒಂದನ್ನು ಪಾರದರ್ಶಕ ಡಬ್ಬಿಯೊಳಗೆ ಬಿಟ್ಟು ಸರದಿಯಂತೆ ನೋಡಿದರು. ‘ಹೊಟ್ಟಿಗೆ ಕಾಲs ಇಲ್ರಿ!’ ಅಂತ ಒಬ್ಬ ಕೂಗಿದ. ಆರೂ ಕಾಲು ನಡುವಿನ ಭಾಗದಿಂದಲೇ ಹೊರಟಿದ್ದವು. ಮೀಸೆಯಂಥ ಎರಡು ಕುಡಿ ತಲೆಯಿಂದ ಬಂದು ಮೊಳಕೈ ಮಡಚಿದ ಹಾಗೆ ಬಾಗಿದ್ದವು. ಕೀಟಗಳ ದೇಹರಚನೆಯನ್ನು ಬೋರ್ಡಿನ ಮೇಲೆ ಬರೆದು ಹೇಳಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದರು. ಈಗ ನೊಣ, ಜಿರಲೆ, ಚಿಟ್ಟೆ, ಸಿಕ್ಕಿದ್ದನ್ನೆಲ್ಲ ಹಿಡಿದು ಕಾಲು ಎಲ್ಲಿಂದ ಹೊರಟಿದೆ ಅಂತ ನೋಡುತ್ತಾರೆ.

ಆಮೇಲೆ ನಡೆದ ಚರ್ಚೆ ನನಗೆ ಇನ್ನೂ ಇಷ್ಟ. ಕಾಲು ತಪ್ಪಾದರೆ ಟೊಪ್ಪಿಗೆಯೂ ತಪ್ಪೇ ಅಲ್ಲವೇ? ಇಲ್ಲ, ಟೊಪ್ಪಿಗೆ ಕಥೆಗೆ ಬೇಕು, ಅದು ಇರಲಿ ಅಂತ ಮಕ್ಕಳೇ ತೀರ್ಮಾನ ಮಾಡಿದರು. ಕಾಲಿಗೆ ಮಾತ್ರ ಸರಿಯಾದ ಚಿತ್ರ ಬರೆದು ಪುಸ್ತಕದ ಹಿಂದಿನ ರಟ್ಟಿಗೆ ಚೀಟಿ ಅಂಟಿಸಿದರು. ಅಂದಿನಿಂದ ಚೀಟಿ ಅಂಟಿಸುವುದು ರೂಢಿಯಾಯಿತು. ಚಂದ್ರನ ಎರಡು ಕೊಂಬಿನ ನಡುವೆ ನಕ್ಷತ್ರ ಬರೆದ ಚಿತ್ರಕ್ಕೆ ಒಂದು ಚೀಟಿ: ಕತ್ತಲಾಗಿ ಕಾಣುವ ಜಾಗದಲ್ಲೂ ಚಂದ್ರನೇ ಇರುತ್ತಾನೆ, ಅವನ ಹಿಂದಿನ ನಕ್ಷತ್ರ ಕಾಣುವುದು ಹೇಗೆ? ಸಂಜೆಯ ಎಳೆ ಚಂದ್ರ ಪೂರ್ವದಲ್ಲಿ ಹುಟ್ಟುತ್ತಾನೆ ಅಂತ ಬರೆದ ಕಥೆಗೆ ಇನ್ನೊಂದು. ಬಿದಿಗೆ-ತದಿಗೆಯ ಸಂಜೆ ಮಾಳಿಗೆ ಹತ್ತಿ ಪಶ್ಚಿಮಕ್ಕೆ ನೋಡಿ ಬಂದವರು ಬರೆದ ಚೀಟಿ ಅದು.

ಗಣಿತಕ್ಕೆ ಬಂದರೆ, ಎಣಿಕೆಯ ಕಥೆ, ಹಂಚಿಕೆಯ ಕಥೆ ಎಷ್ಟೋ ಇವೆ, ಅವುಗಳನ್ನು ಎಲ್ಲರೂ ಬಳಸುತ್ತಾರೆ. ನನಗೆ ಹೆಚ್ಚು ಕೊಟ್ಟದ್ದು ಪುಸ್ತಕದ ಪುಟಗಳು. ಗದಗನ್ನು ಮುದ್ರಣಕಾಶಿ ಅಂತಾರೆ. ನನ್ನ ಮಕ್ಕಳಲ್ಲಿ ಕೆಲವರ ಅಪ್ಪಂದಿರು ಪ್ರೆಸ್ಸಿನಲ್ಲಿ, ಬೈಂಡಿಂಗ್‌ನಲ್ಲಿ ಕೆಲಸ ಮಾಡುತ್ತಾರೆ. ಹಗ್ಗದ ಮೇಲಿನ ಪುಸ್ತಕಗಳ ಪುಟ ಎಣಿಸಿ ಅಂದೆ. 16, 24, 32. ಮತ್ತೆ 16. ಹದಿನೇಳು ಪುಟದ್ದು ಯಾಕಿಲ್ಲ?

ಬೈಂಡಿಂಗ್ ಕೆಲಸದವರ ಮಗ ಒಂದು ಹಾಳೆ ಮಡಚಿ ತೋರಿಸಿದ. ಮಡಚದಿದ್ದರೆ ಹಿಂದೆ-ಮುಂದೆ ಎರಡು ಪುಟ. ಒಂದು ಸಲ ಮಡಚಿದರೆ 4, ಎರಡು ಸಲಕ್ಕೆ 8, ಮೂರು ಸಲಕ್ಕೆ 16, ನಾಲ್ಕಕ್ಕೆ 32. 24 ಬೇಕಾದರೆ 16ರದೊಂದು, 8ರದೊಂದು ಸೇರಿಸಬೇಕು. ಎಲ್ಲರೂ ಒಂದೊಂದು ಹಾಳೆ ಮೂರು ಸಲ ಮಡಚಿದರು. ಕತ್ತರಿಸದೆ, ಮೂಲೆ ಎತ್ತಿ ಎತ್ತಿ ಪೆನ್ಸಿಲ್‌ನಿಂದ 1ರಿಂದ 16ರವರೆಗೆ ಪುಟಸಂಖ್ಯೆ ಬರೆದರು. ಆಮೇಲೆ ಹಾಳೆ ಬಿಚ್ಚಿದರೆ ತರಗತಿಯಲ್ಲಿ ಗದ್ದಲವೋ ಗದ್ದಲ. ಅರ್ಧ ಸಂಖ್ಯೆ ತಲೆಕೆಳಗು! 1ರ ಪಕ್ಕ 16, 4ರ ಪಕ್ಕ 13, 5ರ ಪಕ್ಕ 12. ಪ್ರೆಸ್ಸಿನಲ್ಲಿ ಪುಟಗಳನ್ನು ಹೀಗೇ ಹಿಂದೆಮುಂದೆ ಜೋಡಿಸಿ ಅಚ್ಚು ಹಾಕುತ್ತಾರೆ, ಮಡಚಿದಾಗ ಸಾಲಾಗಿ ಬರುತ್ತವೆ.

ಬೆನ್ನಿನ ಮಡಿಕೆಯ ಎರಡೂ ಬದಿಯ ಪುಟಗಳನ್ನು ಕೂಡಿಸಿ ನೋಡಿ ಅಂತ ಹೇಳಿದೆ. 17. ಇನ್ನೊಂದು ಜೋಡಿ, ಅದೂ 17. ಹಾಳೆ ತಿರುವಿದರೆ 2 ಮತ್ತು 15, 7 ಮತ್ತು 10, ಎಲ್ಲ 17. ಒಟ್ಟು ಎಂಟು ಜೋಡಿ. ಹಾಗಾದರೆ 1ರಿಂದ 16ರವರೆಗಿನ ಸಂಖ್ಯೆಗಳನ್ನೆಲ್ಲ ಕೂಡಿದರೆ ಎಷ್ಟು? ಒಂದೊಂದಾಗಿ ಕೂಡಿಸುತ್ತಿದ್ದವರು ಕೈ ನಿಲ್ಲಿಸಿದರು. ಎಂಟು ಹದಿನೇಳು, 136. ಮರುದಿನ ಒಬ್ಬಳು 32 ಪುಟಕ್ಕೆ ತಾನೇ ಮಾಡಿಕೊಂಡು ಬಂದಿದ್ದಳು: ಜೋಡಿ 33, ಹದಿನಾರು ಜೋಡಿ, 528. ಸೂತ್ರ ನಾನು ಹೇಳಿರಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

ಚಿತ್ರಕಲೆಗೆ ದಾರಿ ತೆರೆದದ್ದು ಪತ್ತಾರರ ಮಸೂರ. ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಬಂಗಾರದ ಕೆಲಸ. ಅವನ ಅಪ್ಪ ಒಡವೆ ನೋಡುವ ಮಸೂರವನ್ನು ಒಂದು ವಾರಕ್ಕೆ ಕೊಟ್ಟರು. ಚಿತ್ರಪುಸ್ತಕದ ಹಸಿರು ಎಲೆಯ ಮೇಲೆ ಅದನ್ನಿಟ್ಟು ನೋಡಿದರೆ ಹಸಿರೇ ಇಲ್ಲ! ತಿಳಿನೀಲಿ ಚುಕ್ಕಿ, ಹಳದಿ ಚುಕ್ಕಿ, ಅಷ್ಟೇ. ಕೆಂಪು ಲಂಗದೊಳಗೆ ಗುಲಾಬಿ ಮತ್ತು ಹಳದಿ. ಕಪ್ಪು ಸೇರಿ ಒಟ್ಟು ನಾಲ್ಕೇ ಬಣ್ಣದಲ್ಲಿ ಇಡೀ ಪುಸ್ತಕ ಅಚ್ಚಾಗಿತ್ತು. ಪ್ರೆಸ್ಸಿನಿಂದ ಒಬ್ಬರು ರದ್ದಿ ಹಾಳೆಗಳನ್ನು ಕಳಿಸಿಕೊಟ್ಟರು. ಬಣ್ಣ ಸರಿಯಾಗಿ ಕೂರದೆ ಒಂದರ ಪಕ್ಕ ಒಂದು ಜಾರಿದ ಹಾಳೆಗಳು. ಒಳ್ಳೆಯ ಮುದ್ರಣದಲ್ಲಿ ಅಡಗಿರುವುದು ಅವುಗಳಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಶಿಕ್ಷಕರು ಹತ್ತಿರದ ಪ್ರೆಸ್ಸಿನಲ್ಲಿ ಕೇಳಿ ನಾಲ್ಕು ರದ್ದಿ ಹಾಳೆ ತಂದಿಟ್ಟುಕೊಳ್ಳಿ, ಯಾವ ಚಾರ್ಟೂ ಅವುಗಳ ಕೆಲಸ ಮಾಡುವುದಿಲ್ಲ.

ಆಮೇಲೆ ಸ್ಕೆಚ್ ಪೆನ್ನಿನ ಡಬ್ಬಿಯಿಂದ ಗುಲಾಬಿ, ತಿಳಿನೀಲಿ, ಹಳದಿ ಮೂರನ್ನೇ ತೆಗೆದು, ಬರೀ ಚುಕ್ಕಿ ಇಡುತ್ತ ಒಣಮೆಣಸಿನಕಾಯಿ, ಜೋಳದ ಹೊಲ ಬರೆದರು. ಗೋಡೆಗೆ ಅಂಟಿಸಿ ಬಾಗಿಲವರೆಗೆ ಹಿಂದೆ ಸರಿದು ನೋಡಿದಾಗ ಚುಕ್ಕಿ ಹೋಗಿ ಬಣ್ಣ ಬಂತು. ಬೆಟಗೇರಿಯ ನೇಕಾರರ ಮನೆಯ ಹುಡುಗಿ ಆಗ ಎದ್ದು ನಿಂತು, ‘ನಮ್ಮ ಮಗ್ಗದಾಗೂ ಹಿಂಗs ಆಕ್ಕೈತ್ರಿ, ಹಾಸಿನ ಬಣ್ಣ ಬ್ಯಾರೆ, ಹೊಕ್ಕಿಂದು ಬ್ಯಾರೆ, ಸೀರಿ ಮೂರನೇದ್ದs ಕಾಣ್ತೈತಿ’ ಅಂದಳು. ಮರುದಿನ ಒಂದು ತುಂಡು ಬಟ್ಟೆ ತಂದು ಮಸೂರದ ಕೆಳಗೆ ಇಟ್ಟು ಎಲ್ಲರಿಗೂ ತೋರಿಸಿದಳು. ಅಂದಿನ ಪಾಠ ಅವಳದೇ.

ಪೋರ್ಷನ್ ಮುಗಿಯುತ್ತದೆಯೇ ಅಂತ ಕೇಳುವವರಿಗೆ: ಮುಗಿಯುತ್ತದೆ. ಕೀಟ, ಚಂದ್ರನ ಕಲೆಗಳು, ಸಂಕಲನ, ಕೋನ, ಬಣ್ಣಗಳ ಬೆರಕೆ ಎಲ್ಲ ಪಠ್ಯದಲ್ಲೇ ಇರುವವು. ಕ್ರಮ ಮಾತ್ರ ನನ್ನದು.

ವರ್ಷದ ಕೊನೆಗೆ ಮಕ್ಕಳೇ ಒಂದು ಪುಸ್ತಕ ಮಾಡುತ್ತಾರೆ, ಒಂದೇ ದೊಡ್ಡ ಹಾಳೆಯನ್ನು ಮಡಚಿದ 16 ಪುಟದ್ದು. ಈ ಸಲ ಆರಿಸಿಕೊಂಡದ್ದು ಡಂಬಳದ ದೊಡ್ಡಬಸಪ್ಪ ದೇವಸ್ಥಾನ. 12ನೇ ಶತಮಾನದ ಚಾಲುಕ್ಯರ ಕಾಲದ ಗುಡಿ, ಗರ್ಭಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಸುತ್ತು ಹಾಕಿ ಎಣಿಸಿದವರಿಗೆ 24 ಸಿಗಲಿಲ್ಲ. ಶಾಲೆಗೆ ಬಂದು ನಕ್ಷತ್ರ ಬರೆಯಲು ಕೂತಾಗ ಕಾರಣ ತಿಳಿಯಿತು: ಮುಂದಿನ ಮಂಟಪ ಬಂದು ಸೇರುವ ಕಡೆ ಕೆಲವು ಮೂಲೆಗಳು ಅದರೊಳಗೆ ಹೋಗಿವೆ. ಬರೆದದ್ದು ಹೀಗೆ: ರಟ್ಟಿನ ಚೌಕದ ನಟ್ಟನಡುವೆ ಗುಂಡುಪಿನ್ನು ಚುಚ್ಚಿ, ಸುತ್ತ ಗೆರೆ ಎಳೆದು, 15 ಡಿಗ್ರಿ ತಿರುಗಿಸಿ ಮತ್ತೆ ಗೆರೆ. ಆರು ಚೌಕಕ್ಕೆ 24 ಮೂಲೆ ಬಂದವು. ಏಳನೆಯದು ಮೊದಲನೆಯದರ ಮೇಲೇ ಕೂತಿತು, 90 ಡಿಗ್ರಿ ಆಗಿಹೋಗಿತ್ತು.

ನಕ್ಷತ್ರ ಎರಡು ಪುಟ ತುಂಬ ದೊಡ್ಡದಾಗಿ ಬರಬೇಕು, ನಡುವೆ ಕಾಗದ ತುಂಡಾಗಬಾರದು ಅಂತ ಅವರ ಹಟ. 2-3ರಲ್ಲಿ ಬರೆಯೋಣ ಅಂದರು ಕೆಲವರು. ಬೈಂಡಿಂಗ್ ಕೆಲಸದವರ ಮಗ ಒಪ್ಪಲಿಲ್ಲ, 2ರ ಜೊತೆಗಾರ 15, 3ರ ಜೊತೆಗಾರ 14, ಅಂಚು ಕತ್ತರಿಸಿದ ಮೇಲೆ ಅವೆರಡೂ ಬೇರೆ ಬೇರೆ ಹಾಳೆ ಅಂದ. ಅಕ್ಕಪಕ್ಕದ ಸಂಖ್ಯೆಗಳೂ ಆಗಿರಬೇಕು, ಕೂಡಿದರೆ 17ಊ ಆಗಬೇಕು. ಬೋರ್ಡಿನ ಮೇಲೆ ಜೋಡಿಗಳನ್ನೆಲ್ಲ ಬರೆದು ಹುಡುಕಿದರು. 8 ಮತ್ತು 9 ಬಿಟ್ಟರೆ ಬೇರೆ ಇರಲಿಲ್ಲ. ಅಲ್ಲೇ ಬರೆದರು.