ಬಾಂಬರ್ ಪೈಲಟ್ ಬಾರ್ಟನ್: ಒಂದು ರಾತ್ರಿಯ ಕಥೆ ಜೋಡಿಸಿದ ನನ್ನ ಅನುಭವ

ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ಗೆ ಕೆಲಸಕ್ಕೆ ಬಂದು ಸೆಟಲ್ ಆದ್ಮೇಲೆ, ಪಕ್ಕದ ರೈಹೋಪ್‌ನಲ್ಲಿರೋ ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬರ್ ಪೈಲಟ್ ಸಿರಿಲ್ ಬಾರ್ಟನ್ ಸ್ಮಾರಕದ ಬಗ್ಗೆ ಇಲ್ಲಿನ ನಮ್ಮ ಕನ್ನಡದವರಿಗೆ ಹೇಳೋ ಕೆಲಸ ಹೇಗೋ ನನ್ನ ತಲೆಗೇ ಬಂತು. ಮಾರ್ಚ್ ಕೊನೇಲಿ ಒಂದಷ್ಟು ಜನ ಅಲ್ಲಿಗೆ ಹೋಗ್ತೀವಿ, ನಾನು ಮಾತಾಡ್ತೀನಿ. ಇಷ್ಟೆಲ್ಲ ಎಲ್ಲಿಂದ ತಂದೆ ಅಂತ ಕೇಳೋರು ಜಾಸ್ತಿ ಆಗಿದ್ದಾರೆ, ಅದಕ್ಕೆ ಬರೀತಿದ್ದೀನಿ.

ಪೂರ್ತಿ ಜೀವನ ಹೇಳೋ ಆಸೆ ಮೊದ್ಲೇ ಬಿಟ್ಟೆ. ಹುಟ್ಟಿದ್ದು 1921ರಲ್ಲಿ ಸಫೊಕ್‌ನಲ್ಲಿ, ಬೆಳೆದಿದ್ದು ನ್ಯೂ ಮಾಲ್ಡನ್‌ನಲ್ಲಿ, ಸತ್ತಾಗ 22 ವರ್ಷ, ಅಷ್ಟು ಸಾಕು. ಉಳಿದ ಟೈಮೆಲ್ಲ 1944ರ ಮಾರ್ಚ್ 30ರ ಒಂದು ರಾತ್ರಿಗೆ. ನನ್ನ ಪ್ರಕಾರ ಹಿಂಗೆ ಮಾಡಿದ್ರೇನೇ ಕೇಳೋರಿಗೆ ಮನುಷ್ಯ ಕಾಣೋದು, ಇಲ್ಲಾಂದ್ರೆ ಸ್ಕೂಲ್ ಪಾಠ ಆಗಿಬಿಡುತ್ತೆ.

ಶುರು ಮಾಡಿದ್ದು ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್‌ನಿಂದ. ಬಾರ್ಟನ್‌ಗೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಕೊಟ್ಟಿದ್ದು ಯಾಕೆ ಅಂತ 1944ರ ಜೂನ್ ಸಂಚಿಕೇಲಿ ಇದೆ, ಆನ್‌ಲೈನ್‌ನಲ್ಲಿ ಫ್ರೀ. ಆಮೇಲೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟ್, ಸಮಾಧಿ ಲಂಡನ್ ಕಡೆಯ ಕಿಂಗ್‌ಸ್ಟನ್‌ನಲ್ಲಿ ಅಂತ ಗೊತ್ತಾಗಿದ್ದು ಅಲ್ಲೇ. ಹುಡುಕುವಾಗ ಒಂದು ನೆನಪಿರ್ಲಿ, ಬಾಂಬ್ ದಾಳಿ ಶುರುವಾಗಿದ್ದು 30ರ ರಾತ್ರಿ, ಸತ್ತಿದ್ದು 31ರ ಬೆಳಗಿನ ಜಾವ, ಹಂಗಾಗಿ ಎರಡು ತಾರೀಖಿನಲ್ಲೂ ನೋಡ್ಬೇಕು. ಮೂರನೇದು ಅವನಿದ್ದ ಸ್ಕ್ವಾಡ್ರನ್, ಅಂದ್ರೆ ವಾಯುಪಡೆ ತುಕಡಿಯ ದಿನಚರಿ. ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಏರ್ 27 ಅನ್ನೋ ಸರಣೀಲಿ ಇರುತ್ತೆ, ಯಾವ ವಿಮಾನ, ಯಾರ್ ಯಾರಿದ್ರು, ಎಷ್ಟೊತ್ತಿಗೆ ಮೇಲೆ ಹಾರಿದ್ದು, ಎಷ್ಟೊತ್ತಿಗೆ ಇಳಿದಿದ್ದು, ಎಲ್ಲಾ ಟೈಪ್ ಮಾಡಿದ ಸಾಲುಗಳು. ಓದೋಕೆ ಬೋರ್, ಆದ್ರೆ ನಂಗೆ ಗೆಜೆಟ್‌ಗಿಂತ ಇದ್ರ ಮೇಲೇ ನಂಬಿಕೆ ಜಾಸ್ತಿ.

ಯಾಕಂದ್ರೆ ನಮ್ಮೂರ ವೀರಗಲ್ಲಲ್ಲಿ ವೀರನೊಬ್ಬನನ್ನ ದೊಡ್ಡದಾಗಿ ಕೆತ್ತಿ ಉಳಿದೋರನ್ನ ಕಾಲಡಿ ಸಣ್ಣದಾಗಿ ಮಾಡಿರ್ತಾರಲ್ಲ, ಮೆಡಲ್ ಬರಹಾನೂ ಹಂಗೇ. ಆ ಸಣ್ಣೋರನ್ನ ಹುಡುಕಿ ಕಥೆಗೆ ಸೇರ್ಸೋದೇ ನಾನು ಮಾಡಿದ ಮುಖ್ಯ ಕೆಲಸ.

ಆ ರಾತ್ರಿ ಜರ್ಮನಿಯ ನ್ಯೂರೆಂಬರ್ಗ್ ಮೇಲೆ ದಾಳಿಗೆ ಹೋಗಿದ್ದು 795 ವಿಮಾನ, ವಾಪಸ್ ಬರದೇ ಹೋಗಿದ್ದು 95. ಬ್ರಿಟನ್ನಿನ ಬಾಂಬರ್ ಕಮಾಂಡ್‌ಗೆ ಇಡೀ ಯುದ್ಧದಲ್ಲೇ ಅತಿ ಕೆಟ್ಟ ರಾತ್ರಿ ಅದು. ಮೇಲೆ ಚಂದ್ರ ಇದ್ದ, ಮರೆಯಾಗಿರುತ್ತೆ ಅಂದ್ಕೊಂಡಿದ್ದ ಮೋಡ ಇರ್ಲಿಲ್ಲ, ದಾರಿ ಬೇರೆ ಉದ್ದಕ್ಕೂ ನೆಟ್ಟಗೆ, ಜರ್ಮನ್ ಫೈಟರ್‌ಗಳಿಗೆ ಹುಡುಕೋ ಕಷ್ಟಾನೇ ಇಲ್ಲ. ಬಾರ್ಟನ್ ಯಾರ್ಕ್‌ಷೈರ್‌ನ ಬರ್ನ್ ಅನ್ನೋ ಏರ್‌ಫೀಲ್ಡ್‌ನಿಂದ, 578 ಸ್ಕ್ವಾಡ್ರನ್‌ನ ಹ್ಯಾಲಿಫ್ಯಾಕ್ಸ್ ಅನ್ನೋ ಬಾಂಬರ್‌ನಲ್ಲಿ ಹೊರಟಿದ್ದ, ಜೊತೆಗೆ ಆರು ಜನ. ಟಾರ್ಗೆಟ್ ಇನ್ನೂ 70 ಮೈಲಿ ಇದೆ ಅನ್ನುವಾಗ ಜರ್ಮನ್ ಫೈಟರ್ ಇವರ ಮೇಲೆ ಬಿತ್ತು, ಮೊದಲ ಏಟಿಗೇ ಇಂಟರ್‌ಕಾಮ್ ಹೋಯ್ತು.

ಇಲ್ಲಿ ನಾನು ಸ್ವಲ್ಪ ನಿಲ್ಲಿಸ್ತೀನಿ. ಏಳೂ ಜನ ಕತ್ತಲಲ್ಲಿ ಅವರವರ ಮೂಲೇಲಿ, ನಾಲ್ಕು ಎಂಜಿನ್ ಸದ್ದು, ಕೂಗಿದ್ರೂ ಕೇಳಲ್ಲ, ಆ ಗಲಾಟೇಲಿ ಒಂದು ಸಿಗ್ನಲ್ ತಪ್ಪಾಗಿ ಅರ್ಥ ಆಗಿ ನ್ಯಾವಿಗೇಟರ್, ಬಾಂಬ್ ಹಾಕೋನು, ವೈರ್‌ಲೆಸ್‌ನವನು ಮೂವರೂ ಪ್ಯಾರಾಶೂಟ್‌ನಲ್ಲಿ ಹಾರಿಬಿಟ್ರು. ಬಿಟ್ಟು ಓಡಿಹೋದ್ರಾ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಇಲ್ಲ, ಹಾರು ಅಂತ ಹೇಳಿದ್ದಾರೆ ಅಂದ್ಕೊಂಡು ಹಾರಿದ್ದು.

ಬಾರ್ಟನ್ ವಾಪಸ್ ತಿರುಗಬಹುದಿತ್ತು, ತಿರುಗ್ಲಿಲ್ಲ, ಮುಂದೆ ಹೋಗಿ ಬಾಂಬನ್ನ ತಾನೇ ಹಾಕಿದ. ಆಮೇಲೆ ದಾರಿ ಹೇಳೋರಿಲ್ದೆ, ಕೆಟ್ಟಿದ್ದ ಎಂಜಿನ್‌ನ ಪ್ರೊಪೆಲ್ಲರ್ ಕಿತ್ಕೊಂಡು ಹೋಗಿ, ಪೆಟ್ರೋಲ್ ಸೋರ್ತಾ, ಎದುರುಗಾಳೀಲಿ ನಾಲ್ಕೂವರೆ ಗಂಟೆ. ಮ್ಯಾಪ್ ಮೇಲೆ ದಾರ ಇಟ್ಟು ಸ್ಕೇಲ್‌ನಲ್ಲಿ ಅಳೆದೆ, ನ್ಯೂರೆಂಬರ್ಗ್‌ನಿಂದ ರೈಹೋಪ್‌ಗೆ ನೇರವಾಗೇ ಸುಮಾರು 1,000 ಕಿ.ಮೀ. ಈ ಮ್ಯಾಪು ದಾರ ಜೊತೇಲೇ ಒಯ್ತೀನಿ, ಮಕ್ಕಳಿಗೆ ಅದೇ ಇಷ್ಟ. ಕರಾವಳಿ ಸಿಕ್ಕಿದ್ದು ತನ್ನ ಬೇಸ್‌ಗಿಂತ 90 ಮೈಲಿ ಉತ್ತರಕ್ಕೆ, ಅಷ್ಟೊತ್ತಿಗೆ ಪೆಟ್ರೋಲ್ ಮುಗೀತಾ ಬಂದಿತ್ತು. ಉಳಿದ ಮೂವರಿಗೆ ಕ್ರ್ಯಾಶ್‌ಗೆ ರೆಡಿಯಾಗಿ ಅಂತ ಹೇಳಿ, ಒಂದೇ ಎಂಜಿನ್‌ನಲ್ಲಿ ಮನೆಗಳನ್ನ ತಪ್ಪಿಸೋಕೆ ನೋಡಿ, ರೈಹೋಪ್ ಕಲ್ಲಿದ್ದಲು ಗಣಿ ಹತ್ರ ಬಿದ್ದ. ಆ ಮೂವರೂ ಬದುಕಿದ್ರು.

ನೆಲದ ಮೇಲೆ ಒಬ್ಬ ಗಣಿ ಕಾರ್ಮಿಕ ಸತ್ತ. ಗೆಜೆಟ್‌ನಲ್ಲಿ ಅವನ ಸುದ್ದೀನೇ ಇಲ್ಲ. ನಾನು ಮಾತ್ರ ಇಬ್ಬರ ಹೆಸರನ್ನೂ ಒಟ್ಟಿಗೇ ಓದ್ತೀನಿ. ಜರ್ಮನೀಲೂ ಆ ರಾತ್ರಿ ಬಾಂಬಿಗೆ ಜನ ಸತ್ರು ಅಂತಾನೂ ಹೇಳ್ತೀನಿ, ಕೆಲವರಿಗೆ ಇದು ಹಿಡಿಸಲ್ಲ, ಪರ್ವಾಗಿಲ್ಲ. ಬಾರ್ಟನ್ ಅಮ್ಮನಿಗೆ ಬರೆದಿಟ್ಟಿದ್ದ ಪತ್ರ ಒಂದಿದೆ, ಹುಡುಕಿದ್ರೆ ಸಿಗುತ್ತೆ, ಆದ್ರೆ ಅದನ್ನ ಗುಂಪಲ್ಲಿ ನಿಂತು ಓದೋದು ನಂಗ್ಯಾಕೋ ಸರಿ ಕಾಣಲ್ಲ, ಮನೇಲಿ ಓದ್ಕೊಳ್ಳಿ ಅಂತೀನಿ.

ನಿಮ್ಮನೇಲೂ ಸೇನೆಯ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್ ಸೇರಿ ಬರ್ಮಾ ಕಡೆ ಹೋಗಿ ವಾಪಸ್ ಬರದ ತಾತ ಯಾರಾದ್ರೂ ಇದ್ರೆ ಅದೇ ಗ್ರೇವ್ಸ್ ಕಮಿಷನ್ ವೆಬ್‌ಸೈಟಲ್ಲಿ ನೋಡಿ. ಎರಡನೇ ಮಹಾಯುದ್ಧದ ಲೆಕ್ಕದಲ್ಲಿ 1947ರ ಡಿಸೆಂಬರ್‌ವರೆಗೂ ಸತ್ತೋರ ಹೆಸರು ಇದೆ, ಸಮಾಧಿ ಸಿಗದೇ ಇರೋರ ಹೆಸರು ಎಷ್ಟೋ ರಂಗೂನ್ ಮೆಮೋರಿಯಲ್ ಅಡಿ ಬರುತ್ತೆ. ಇಂಗ್ಲಿಷಲ್ಲಿ ನಮ್ಮ ಹೆಸರುಗಳ ಸ್ಪೆಲ್ಲಿಂಗ್ ಹೆಂಗ್ ಬೇಕಾದ್ರೂ ಇರಬಹುದು, ಅದಕ್ಕೆ ಹೆಸರು ಬಿಟ್ಟು ರೆಜಿಮೆಂಟು, ವರ್ಷ ಹಾಕಿ ಹುಡುಕಿ, ಸರ್ವಿಸ್ ನಂಬರ್ ಇರೋ ಹಳೇ ಕಾಗದ ಪೆಟ್ಟಿಗೇಲಿ ಸಿಕ್ಕಿದ್ರಂತೂ ಕೆಲಸ ಇನ್ನೂ ಸುಲಭ.